ಮನೆಯ ಕಂಪ್ಯೂಟರಿಗೆ ವೈರಸ್ ತಗಲದಂತೆ ನಾನು ಮಾಡಿಕೊಂಡಿರುವ ಏರ್ಪಾಡು

ಯಾವ ಆಂಟಿವೈರಸ್ ಒಳ್ಳೆಯದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ದಿನವೂ ಯಾವ ಅಕೌಂಟಿನಿಂದ ಲಾಗಿನ್ ಆಗುತ್ತೀರಿ ಎಂಬುದನ್ನು ಮೊದಲು ನೋಡಬೇಕು. ವಿಂಡೋಸ್ ಹಾಕುವಾಗ ತೆರೆದ ಮೊದಲ ಅಕೌಂಟ್ ಅಡ್ಮಿನಿಸ್ಟ್ರೇಟರ್, ಅಂದರೆ ಇಡೀ ಕಂಪ್ಯೂಟರನ್ನು ಬದಲಿಸುವ ಹಕ್ಕಿರುವ ಅಕೌಂಟ್ ಆಗಿರುತ್ತದೆ, ಮನೆಮಂದಿಯೆಲ್ಲ ಅದನ್ನೇ ಬಳಸುತ್ತಾರೆ. ಅಲ್ಲಿ ಒಂದು ಕೆಟ್ಟ ಪ್ರೋಗ್ರಾಂ ಒಂದು ಸಲ ‘ಯೆಸ್’ ಒತ್ತಿಸಿಕೊಂಡರೆ ಸಾಕು, ತನ್ನ ಫೋಲ್ಡರನ್ನು ಸ್ಕ್ಯಾನ್ ಮಾಡಬೇಡ ಎಂದು ಆಂಟಿವೈರಸ್ಸಿನ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲೇ ಬರೆದಿಡಬಲ್ಲದು.

ಆದ್ದರಿಂದ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಹೊಸ ಅಡ್ಮಿನಿಸ್ಟ್ರೇಟರ್ ಅಕೌಂಟ್ ತೆರೆದು, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡುತ್ತೇನೆ. ಆಮೇಲೆ ಅಲ್ಲಿಂದಲೇ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸುತ್ತೇನೆ. ಫೈಲು, ಫೋಟೊ, ಬ್ರೌಸರ್ ಎಲ್ಲ ಹಳೆಯ ಅಕೌಂಟಿನಲ್ಲೇ ಉಳಿಯುವುದರಿಂದ ಮನೆಯವರಿಗೆ ತೊಂದರೆಯಿಲ್ಲ. ಏನಾದರೂ ಇನ್‌ಸ್ಟಾಲ್ ಮಾಡಲು ಹೊರಟಾಗ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಪಿಡಿಎಫ್ ಎಂದು ಬಂದ ಫೈಲು ತೆರೆಯುವಾಗ ವಿಂಡೋಸ್‌ನ ಈ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಪೆಟ್ಟಿಗೆ ಎದ್ದು ನಿಂತರೆ, ಅದು ಪಿಡಿಎಫ್ ಅಲ್ಲ. ಇದರಿಂದ ಎಲ್ಲವೂ ತಪ್ಪುತ್ತದೆ ಎಂದಲ್ಲ. ಆ ಅಕೌಂಟಿನೊಳಗಿನ ಫೈಲುಗಳನ್ನು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದಿಯಲು ಅಡ್ಮಿನ್ ಹಕ್ಕು ಬೇಕಿಲ್ಲ.

ಇನ್ನು ಆಂಟಿವೈರಸ್. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. ಬೇರೆ ಪ್ರೋಗ್ರಾಂಗಳು ಅದನ್ನು ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಲಿ. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಎಂಬುದೂ ಆನ್ ಇರಲಿ. ಉಚಿತ ತಂತ್ರಾಂಶದ ಬೆನ್ನಿಗೆ ಅಂಟಿಕೊಂಡು ಬರುವ ಟೂಲ್‌ಬಾರ್, ಜಾಹೀರಾತಿನ ಕಸ ಅಲ್ಲಿ ನಿಲ್ಲುತ್ತದೆ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಬೇಡಿ, ಒಂದನ್ನೊಂದು ತಡೆದು ಯಂತ್ರ ನಿಧಾನವಾಗುತ್ತದೆ. ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದಾಗ, ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಾಗಿತ್ತು. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವವರು 11ಕ್ಕೆ ಹೋಗಬೇಕು, ಇಲ್ಲವೇ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿಕೊಳ್ಳಬೇಕು.

ನಮ್ಮ ಊರುಗಳಲ್ಲಿ ವೈರಸ್ ಮನೆಗೆ ಬರುವ ದೊಡ್ಡ ದಾರಿ ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಡ್ರೈವನ್ನು ನಾನು ತೆರೆಯುವ ಮುಂಚೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡುತ್ತೇನೆ. ತೆರೆದ ಮೇಲೆ ಡೀಟೇಲ್ಸ್ ನೋಟದಲ್ಲಿ ‘ಟೈಪ್’ ಕಾಲಂ ನೋಡುತ್ತೇನೆ. ಫೋಲ್ಡರಿನ ಚಿತ್ರವಿದ್ದು ಟೈಪ್ ಮಾತ್ರ ‘ಶಾರ್ಟ್‌ಕಟ್’, ಗಾತ್ರ ಒಂದೆರಡು ಕೆಬಿ ಎಂದಿದ್ದರೆ ಕೈ ಹಿಂದಕ್ಕೆ ತೆಗೆಯಬೇಕು. ಎಕ್ಸ್‌ಟೆನ್ಷನ್ (ಫೈಲಿನ ಹೆಸರಿನ ಕೊನೆಗೆ ಬರುವ .pdf ಥರದ ತುಂಡು) ತೋರಿಸುವ ಸೆಟ್ಟಿಂಗ್ ಆನ್ ಇದ್ದರೂ ಶಾರ್ಟ್‌ಕಟ್‌ನ ಎಕ್ಸ್‌ಟೆನ್ಷನ್ ಕಾಣುವುದಿಲ್ಲ, ಅದಕ್ಕೇ ಟೈಪ್ ನೋಡಬೇಕಾಗುತ್ತದೆ. ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲು ಓದಿದರೆ ಹೆಚ್ಚಾಗಿ ಸಿಎಂಡಿ ಅಥವಾ ಡಬ್ಲ್ಯೂಸ್ಕ್ರಿಪ್ಟ್ ಎಂಬ, ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಮಿನ ಹೆಸರು ಸಿಗುತ್ತದೆ. ಒತ್ತಿದವರಿಗೆ ನಿಜವಾದ ಫೋಲ್ಡರೂ ತೆರೆದುಕೊಳ್ಳುವುದರಿಂದ ಅನುಮಾನವೇ ಬರುವುದಿಲ್ಲ. ಹಿಂದೆ ವೈರಸ್ಸಿನ ಸ್ಕ್ರಿಪ್ಟ್ ಓಡಿರುತ್ತದೆ.

ಇಂಥ ವೈರಸ್ ನಿಜವಾದ ಫೈಲುಗಳನ್ನು ಅಡಗಿಸಿಟ್ಟಿರುತ್ತದೆ, ಅಳಿಸಿಹೋಗಿವೆ ಎಂದು ಗಾಬರಿಯಿಂದ ಡ್ರೈವ್ ಫಾರ್ಮ್ಯಾಟ್ ಮಾಡಬೇಡಿ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲು ತೋರಿಸಲು ಹೇಳಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಮುಂದಿನ ಟಿಕ್ ತೆಗೆದರೆ ಹೆಚ್ಚಾಗಿ ಮಸುಕಾಗಿ ಎಲ್ಲವೂ ಕಾಣುತ್ತವೆ. ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಸೇರಿಕೊಂಡಿರುತ್ತವೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಹಿಡನ್’ ಟಿಕ್ ತೆಗೆಯಿರಿ, ತೆಗೆಯಲು ಬಿಡದಿದ್ದರೆ ಒಳಗಿನ ನಿಮ್ಮ ದಾಖಲೆ, ಫೋಟೊಗಳನ್ನಷ್ಟೇ ಹೊಸ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.

ಆದರೆ ಕಂಪ್ಯೂಟರಿಗೇ ತಗಲಿದ್ದರೆ ಮೊದಲು ಅದನ್ನು ತೊಳೆಯಬೇಕು, ಪೆನ್‌ಡ್ರೈವ್ ಆಮೇಲೆ. ಈ ಕ್ರಮ ತಪ್ಪಿದರೆ ಶುದ್ಧ ಮಾಡಿದ ಡ್ರೈವನ್ನು ಚುಚ್ಚಿದ ಕೂಡಲೇ ವೈರಸ್ ಅದರಲ್ಲಿ ಮತ್ತೆ ತನ್ನನ್ನು ಬರೆದುಬಿಡುತ್ತದೆ. ವೈಫೈ ಆಫ್ ಮಾಡಿ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಸುಮಾರು 15 ನಿಮಿಷ. ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ವೈರಸ್ ಅಡಗಿಕೊಳ್ಳುವುದು ಕಷ್ಟ. ನಂತರ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ, ತಾನಾಗಿ ಓಡುವ ಕೆಲಸಗಳಿರುವ ಟಾಸ್ಕ್ ಶೆಡ್ಯೂಲರ್, ಎಕ್ಸ್‌ಕ್ಲೂಷನ್ ಪಟ್ಟಿ, ಮೂರರಲ್ಲೂ ಗುರುತಿಲ್ಲದ ಹೆಸರು ಇದೆಯೇ ಓದಿ. ಸಿ ಡ್ರೈವ್ ಇಡೀ ಎಕ್ಸ್‌ಕ್ಲೂಷನ್‌ನಲ್ಲಿ ಇದ್ದರೆ ಹಣ ಕೊಡದೆ ತಂತ್ರಾಂಶ ಬಳಸಲು ಯಾರೋ ‘ಕ್ರ್ಯಾಕ್’ ಓಡಿಸಿರುವ ಸಾಧ್ಯತೆ ಹೆಚ್ಚು. ಅಂಥ ಯಂತ್ರವನ್ನು, ಹಾಗೆಯೇ ಎರಡನೆಯ ಸ್ಕ್ಯಾನ್‌ನಲ್ಲೂ ಅದೇ ಹೆಸರು ಬಂದ ಯಂತ್ರವನ್ನು ನಾನು ತೊಳೆಯುತ್ತ ಕೂರುವುದಿಲ್ಲ. ದಾಖಲೆಗಳನ್ನು ತೆಗೆದಿಟ್ಟು ‘ರಿಮೂವ್ ಎವ್ರಿಥಿಂಗ್’, ‘ಕ್ಲೌಡ್ ಡೌನ್‌ಲೋಡ್’ ಆರಿಸಿ ರೀಸೆಟ್ ಮಾಡುತ್ತೇನೆ.

ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ’ ಎಂದು ಪದೇಪದೇ ಬಂದರೆ ಅದರಲ್ಲಿ ಬ್ರೌಸರ್ ಹೆಸರು, ಯಾವುದೋ ಸೈಟಿನ ಹೆಸರು ಇದೆಯೇ ನೋಡಿ. ಇದ್ದರೆ ಅದು ನೀವೇ ಎಂದೋ ‘ಅಲೋ’ ಒತ್ತಿದ ನೋಟಿಫಿಕೇಶನ್. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಆ ಸೈಟನ್ನು ತೆಗೆದರೆ ನಿಲ್ಲುತ್ತದೆ. ಅದರಲ್ಲಿರುವ ನಂಬರಿಗೆ ಫೋನ್ ಮಾಡಲೇಬೇಡಿ.

ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್ ಸಿಕ್ಕಿದ್ದರೆ ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಿಂದ ಬದಲಿಸಬೇಡಿ, ಹೊಸದೂ ಹೋಗುತ್ತದೆ. ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಬದಲಿಸಿ, ಎಲ್ಲ ಡಿವೈಸ್‌ಗಳಿಂದಲೂ ಲಾಗೌಟ್ ಕೊಡಿ. ಕಳ್ಳರು ಪಾಸ್‌ವರ್ಡ್ ಜೊತೆ ಬ್ರೌಸರ್‌ನಲ್ಲಿ ನಿಮ್ಮ ಲಾಗಿನ್ ನೆನಪಿಡುವ ಕುಕಿಗಳನ್ನೂ ಒಯ್ದಿರಬಹುದು. ಲಾಗೌಟ್ ಮಾಡದಿದ್ದರೆ ಹೊಸ ಪಾಸ್‌ವರ್ಡ್ ಹಾಕಿದ ಮೇಲೂ ಒಳಗೇ ಉಳಿಯಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.