ಕಲಬುರಗಿ ಬಿಸಿಲಿಗೆ ರೇಸ್ ಕುದುರೆ: ಲಾಯದ ದಿನಚರಿ ಮತ್ತು ಹನ್ನೆರಡು ವಾರದ ತಯಾರಿ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ರೇಸ್ ಕೋರ್ಸ್ ಇಲ್ಲ. ನಮಗೆ ಹತ್ತಿರದ್ದು ಹೈದರಾಬಾದಿನ ಮಲಕಪೇಟೆ. ಓಟ ಮುಗಿಸಿದ ಅಥವಾ ಒಂದು ಸೀಸನ್ ಬಿಡುವು ಬೇಕಾದ ಥರೋಬ್ರೆಡ್ (ರೇಸಿನ ತಳಿ) ಕುದುರೆ ಅಲ್ಲಿಂದ ಲಾರಿ ಹತ್ತಿ ಇತ್ತಲಿನ ತೋಟದ ಮನೆಗೆ ಬಂದರೆ ಅದನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಕೆಲಸಕ್ಕೆ ತರಬೇಕು ಎಂಬುದಕ್ಕೆ ಈ ಬರಹ. ಮತ್ತೆ ಓಡಿಸುವ ಇರಾದೆ ಇರಲಿ, ಬರೀ ಸವಾರಿಗಿರಲಿ, ಕೂತು ಉಂಡ ಕುದುರೆಯನ್ನು ಎಬ್ಬಿಸುವ ಕ್ರಮ ಒಂದೇ.

ಮೊದಲೇ ಒಂದು ಮಾತು ತಲೆಯಲ್ಲಿರಲಿ. ಉಸಿರು ಮತ್ತು ಮಾಂಸಖಂಡ ನಾಲ್ಕಾರು ವಾರದಲ್ಲಿ ತಯಾರಾಗುತ್ತವೆ. ಕಾಲಿನ ಎಲುಬು, ಮೊಣಕಾಲ ಕೆಳಗಿನ ಹುರಿ (ಲಾಯದವರು ಟೆಂಡನ್ ಎನ್ನುವುದು ಇದನ್ನೇ) ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಆರನೇ ವಾರಕ್ಕೆ ಕುದುರೆ ಕುಣಿಯತೊಡಗುತ್ತದೆ, ಸವಾರನಿಗೂ ಹುಕಿ ಬರುತ್ತದೆ. ಕಾಲು ಕೆಡುವುದು ಆಗಲೇ.

ಲಾರಿ ಇಳಿದ ಮೇಲೆ

ಹೈದರಾಬಾದಿನಿಂದ 200 ಕಿ.ಮೀ.ಗೂ ಮೇಲೆ ದಾರಿ. ಅಷ್ಟು ಹೊತ್ತು ತಲೆ ಎತ್ತಿ ಕಟ್ಟಿದ್ದರೆ ಮೂಗಿನ ಕಸ, ಧೂಳು ಕೆಳಗಿಳಿಯದೆ ಶ್ವಾಸಕೋಶಕ್ಕೆ ಹೋಗುತ್ತದೆ. ಇಳಿಸಿದ ಕೂಡಲೇ ನೀರು ಕೊಟ್ಟು, ಒಣ ಮೇವನ್ನು ನೆಲಮಟ್ಟದಲ್ಲಿ ಇಡಿ. ತಲೆ ಬಗ್ಗಿಸಿ ತಿಂದರೆ ಅರ್ಧ ಔಷಧ ಆದಂತೆ. ಐದು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. ಗುದದ್ವಾರದಲ್ಲಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸರಿ, 101.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಇರುವ ಕುದುರೆ, ಕತ್ತೆಗಳಿಂದ ಎರಡು ವಾರ ದೂರ ಕಟ್ಟಿ. ಬಕೆಟ್, ಖರಾರ (ಮೈ ಉಜ್ಜುವ ಹಲ್ಲಿನ ಉಜ್ಜುಗ), ಬ್ರಷ್ ಎಲ್ಲಾ ಬೇರೆ ಇರಲಿ. ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಿದೆಯೇ ಎಂದು ಕಾಗದ ಕೇಳಿ ನೋಡಿ. ಈ ರೋಗ ಮನುಷ್ಯರಿಗೂ ತಗಲುತ್ತದೆ, ನಾಚಿಕೊಳ್ಳದೆ ಕೇಳಬೇಕಾದ ಕಾಗದ ಅದು.

ರೇಸ್ ಲಾಯದಲ್ಲಿ ದಿನಕ್ಕೆ 5–6 ಕೆ.ಜಿ. ಕಾಳು ತಿಂದು ಬಂದ ಕುದುರೆ ಇದು. ಕೆಲಸ ನಿಲ್ಲಿಸಿ ಕಾಳು ಮಾತ್ರ ಹಾಗೇ ಮುಂದುವರಿಸಿದರೆ ಗೋಡೆ ಒದೆಯುತ್ತದೆ, ಹೊಟ್ಟೆನೋವು ಬರುತ್ತದೆ. ಹತ್ತು ದಿನದಲ್ಲಿ ಮೆಲ್ಲಗೆ 1.5–2 ಕೆ.ಜಿ.ಗೆ ಇಳಿಸಿ. ದಿಢೀರ್ ನಿಲ್ಲಿಸುವುದೂ ತಪ್ಪು.

ಕಟ್ಟುವ ಜಾಗ

12 ಅಡಿ ಉದ್ದ, 12 ಅಡಿ ಅಗಲ, ಎರಡೂ ಕಡೆ ಗಾಳಿ. ನಮ್ಮ ಕಡೆ ನೆಲ ಎಂದರೆ ಶಹಾಬಾದ್ ಫರ್ಸಿ. ಕುದುರೆಗೆ ಮಾತ್ರ ಅದು ಆಗದು. ಗಂಜಲ ಬಿದ್ದ ಫರ್ಸಿ ಮೇಲೆ ಲಾಳ ಜಾರುತ್ತದೆ, ಮಲಗೇಳುವಾಗ ಸೊಂಟ ಹಿಡಿಯುತ್ತದೆ. ಫರ್ಸಿ ಈಗಾಗಲೇ ಹಾಕಿದ್ದರೆ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಹೊಸದಾಗಿ ಮಾಡುವವರು ಬೀದರ್ ಕಡೆಯ ಕೆಂಪು ಮುರುಮ್ ದಮ್ಮಸು ಮಾಡಿ ಬಾಗಿಲಿನತ್ತ ಸ್ವಲ್ಪ ಇಳಿಜಾರು ಬಿಟ್ಟರೆ ಸಾಕು. ಹಾಸಿಗೆಗೆ ಶಹಾಪುರ, ಸುರಪುರ ಕಾಲುವೆ ಭಾಗದ ಭತ್ತದ ಹುಲ್ಲು ಸಿಗುತ್ತದೆ. ಮುಗ್ಗಲು ವಾಸನೆ ಇದ್ದರೆ ಬೇಡ, ಕೆಮ್ಮು ಗ್ಯಾರಂಟಿ.

ತಗಡಿನ ಚಾವಣಿ ಇದ್ದರೆ ಏಪ್ರಿಲ್ ಹೊತ್ತಿಗೆ ಒಳಗೆ ಒಲೆಯೇ. ತಗಡಿನ ಮೇಲೆ ತೊಗರಿ ಕಟ್ಟಿಗೆಯನ್ನು ಒಂದಡಿ ದಪ್ಪ ಹೊದಿಸಿ ಹಗ್ಗದಲ್ಲಿ ಬಿಗಿದರೆ ಒಳಗಿನ ಕಾವು ಎದ್ದು ಕಾಣುವಷ್ಟು ಇಳಿಯುತ್ತದೆ. ಕಿಡಿ ಬೀಳದಂತೆ, ಬೀಡಿ ಸೇದುವವರು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಮೇವು

ಮೊದಲು ತೂಕ ಬೇಕು. ಮುಂಗಾಲ ಹಿಂದೆ ಎದೆಸುತ್ತು ಎಷ್ಟು ಸೆಂ.ಮೀ. ಎಂದು ಟೇಪಿನಲ್ಲಿ ಅಳೆಯಿರಿ. ಭುಜದ ಮುಂಚೂಣಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಅಳೆಯಿರಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಬರುತ್ತದೆ. 185 ಸುತ್ತು, 165 ಉದ್ದವಿದ್ದರೆ ಸುಮಾರು 475 ಕೆ.ಜಿ. ಜಂತಿನ ಔಷಧದ ಪ್ರಮಾಣಕ್ಕೂ ಇದೇ ಲೆಕ್ಕ.

ಆ ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 7 ಕೆ.ಜಿ. ಒಣ ಮೇವು ಬೇಕೇ ಬೇಕು, 8–9 ಇದ್ದರೆ ಒಳ್ಳೆಯದು. ನಮ್ಮಲ್ಲಿ ಧಾರಾಳವಾಗಿರುವುದು ಹಿಂಗಾರಿ ಜೋಳದ ಕಣಿಕೆ. ಅದನ್ನು ಒಂದೆರಡು ಅಂಗುಲ ಕತ್ತರಿಸಿ ಹಾಕಬಹುದು, ಆದರೆ ಮೇವಿನ ಅರ್ಧಕ್ಕಿಂತ ಮೀರಬಾರದು. ಒರಟು ಕಣಿಕೆ ತಿಂದು ನೀರು ಕಡಿಮೆ ಕುಡಿದರೆ ಕರುಳಲ್ಲಿ ಗಂಟು ಕಟ್ಟಿ ಕುಳಿತುಬಿಡುತ್ತದೆ. ಉಳಿದದ್ದಕ್ಕೆ ಮೆತ್ತನೆಯ ಒಣ ಹುಲ್ಲು, ಜೊತೆಗೆ 5–6 ಕೆ.ಜಿ. ಹಸಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್). ಎಳೆ ಜೋಳದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಬರಕ್ಕೆ ಬಾಡಿದ ಜೋಳ ಯಾವುದನ್ನೂ ಮುಟ್ಟಿಸಬೇಡಿ. ದನಕ್ಕೆ ಆಗದ್ದು ಕುದುರೆಗೂ ವಿಷವೇ.

ಕಾಳಿಗೆ ಓಟ್ಸ್ ಅಥವಾ ಜವೆಗೋದಿ, ಜೊತೆಗೆ ಅರ್ಧ ಕೆ.ಜಿ. ಹುರುಳಿ. ಹುರುಳಿ ಬೇಯಿಸಿಯೇ ಕೊಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಯಿಸಿದ ಹುರುಳಿ ಸಂಜೆಗೆ ಹುಳಿಯುತ್ತದೆ, ಎರಡು ಸಲಕ್ಕೆ ಎರಡು ಸಲ ಬೇಯಿಸುವುದೇ ದಾರಿ. ಒಂದು ಹೊತ್ತಿಗೆ ಎಲ್ಲಾ ಕಾಳು ಸೇರಿ 2 ಕೆ.ಜಿ. ದಾಟಕೂಡದು, ಕುದುರೆಯ ಹೊಟ್ಟೆ ಸಣ್ಣದು. ಗೋದಿ ಬೂಸಾ ಎರಡು ಹಿಡಿ ಸಾಕು. ಅದರಲ್ಲಿ ರಂಜಕ ಹೆಚ್ಚು, ತಿಂಗಳುಗಟ್ಟಲೆ ಬಕೆಟ್ ತುಂಬ ತಿನ್ನಿಸಿದರೆ ಎಲುಬಿನ ಸುಣ್ಣ ಎಳೆದುಕೊಂಡು ಮುಖದ ಎಲುಬು ಊದುತ್ತದೆ.

ದನದ ಪಶು ಆಹಾರದ ಚೀಲವನ್ನು ಕುದುರೆ ಲಾಯದಲ್ಲಿ ಇಡಲೇಬೇಡಿ. ಕೆಲವು ಪಶು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಎಮ್ಮೆಗೆ ಅದರಿಂದ ಏನೂ ಆಗದು, ಕುದುರೆಯ ಹೃದಯವನ್ನು ಅದು ಗ್ರಾಂ ಲೆಕ್ಕದಲ್ಲೇ ಹಾಳು ಮಾಡುತ್ತದೆ. ದಾಲ್ ಮಿಲ್ಲಿನ ತೊಗರಿ ಚುನ್ನಿ ಅಗ್ಗ ಎಂದು ಆಸೆಪಡುವವರಿದ್ದಾರೆ. ಧೂಳು, ಬೂಷ್ಟು ಎರಡೂ ಅದರಲ್ಲಿ ಹೆಚ್ಚು, ಎಮ್ಮೆಗೇ ಇರಲಿ.

ನೀರು ದಿನಕ್ಕೆ 30–40 ಲೀಟರ್, ಮೇ ತಿಂಗಳಲ್ಲಿ ಕೆಲಸ ಇದ್ದರೆ 60ಕ್ಕೂ ಮೇಲೆ. ಪೈಪಿನಲ್ಲಿ ಕಾದ ನೀರನ್ನು ಕುದುರೆ ಮೂಸಿ ಬಿಡುತ್ತದೆ. ನೆರಳಲ್ಲಿ ಮಣ್ಣಿನ ಬಾನಿ ಇಟ್ಟು ಬಕೆಟ್ ಲೆಕ್ಕದಲ್ಲಿ ತುಂಬಿಸಿ, ಎಷ್ಟು ಕುಡಿಯಿತು ಎಂಬುದು ಗೊತ್ತಾಗುತ್ತದೆ. ಅಡುಗೆ ಉಪ್ಪು ದಿನಕ್ಕೆ 30 ಗ್ರಾಂ, ಮೈ ನೆನೆಯುವಷ್ಟು ಬೆವರಿದ ದಿನ 60 ಗ್ರಾಂ, ಕಾಳಿನ ಜೊತೆ. ನೀರು ಕುಡಿಯದ ಕುದುರೆಗೆ ಉಪ್ಪು ತಿನ್ನಿಸಬೇಡಿ.

ಬೆಳಗಿನ ಮೂರು ತಾಸು

ಬೇಸಿಗೆಯಲ್ಲಿ ನಾಲ್ಕೂವರೆಗೆ ಎದ್ದರೆ ಸರಿ. ಮೊದಲು ಗೋದಲಿ ನೋಡಿ: ರಾತ್ರಿ ಹಾಕಿದ್ದು ಉಳಿದಿದೆಯೇ? ಲದ್ದಿ ಎಷ್ಟು ಗುಪ್ಪೆ? ರಾತ್ರಿಯಲ್ಲಿ ನಾಲ್ಕೈದು ಇರಬೇಕು. ಒಂದೇ ಇದ್ದರೆ, ಅದೂ ಗಟ್ಟಿ ಉಂಡೆಯಾಗಿದ್ದರೆ ಆ ದಿನ ಸವಾರಿ ಇಲ್ಲ. ಆಮೇಲೆ ಜ್ವರ ನೋಡಿ.

ಆಮೇಲೆ ಕಾಲು. ಈ ಕೆಲಸ ಅವಸರದಲ್ಲಿ ಆಗುವುದಿಲ್ಲ. ಕುದುರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು (ಮಂಡಿಯೂರಿ ಕೂರಬೇಡಿ, ಏಳುವ ಹೊತ್ತಿಗೆ ಒದೆ ಬಿದ್ದಿರುತ್ತದೆ) ಅಂಗೈ ಬದಲು ಕೈಯ ಹಿಂಭಾಗವನ್ನು ಮುಂಗಾಲ ಮೊಣಕಾಲಿನಿಂದ ಕೆಳಗೆ ಇಳಿಸುತ್ತಾ ಬನ್ನಿ, ಕಾವು ಅಲ್ಲಿ ಬೇಗ ತಿಳಿಯುತ್ತದೆ. ಇನ್ನೊಂದು ಕಾಲಿಗೂ ಹಾಗೇ ಮಾಡಿ ಹೋಲಿಸಿ. ಬಳಿಕ ಕಾಲನ್ನು ಮಡಚಿ ಎತ್ತಿ, ಹಿಂದಿನ ಹುರಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೇಲಿಂದ ಕೆಳಗೆ ಅಂಗುಲ ಅಂಗುಲವಾಗಿ ಒತ್ತಿ. ಒಳ್ಳೆಯ ಹುರಿ ಬಿಗಿದ ಹಗ್ಗದಂತೆ, ಅಂಚು ಸ್ಪಷ್ಟ. ಅಂಚು ಮಸುಕಾಗಿ ಹಿಟ್ಟಿನಂತೆ ಅನಿಸಿದರೆ ಅಥವಾ ಒಂದೇ ಜಾಗದಲ್ಲಿ ಕುದುರೆ ಕಾಲು ಎಳೆದುಕೊಂಡರೆ, ಕುಂಟದಿದ್ದರೂ ಕೆಲಸ ನಿಲ್ಲಿಸಿ. ದಿನಕ್ಕೆ ಮೂರು ಸಲ 20 ನಿಮಿಷ ತಣ್ಣೀರು ಬಿಟ್ಟು, ಅಲ್ಟ್ರಾಸೌಂಡ್ ಮಾಡಿಸಿ. ಇಂಥದ್ದಕ್ಕೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ.

ಸವಾರಿಗೆ ಅರ್ಧ ಗಂಟೆ ಮುಂಚೆ ಒಂದು ಕೆ.ಜಿ. ಒಣ ಮೇವು ಹಾಕಿ, ಕಾಳು ಬೇಡ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಆಮ್ಲ ಮೇಲಕ್ಕೆ ಚಿಮ್ಮಿ ಹುಣ್ಣಾಗುತ್ತದೆ. ರೇಸಿನಿಂದ ಬಂದ ಬಹುಪಾಲು ಕುದುರೆಗಳಿಗೆ ಅದು ಈಗಾಗಲೇ ಇರುತ್ತದೆ. ಜೀನಿನ ತಂಗು (ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚಲು ಬರುವ ಕುದುರೆಯನ್ನು ಬೈಯುವ ಮುಂಚೆ ಇದನ್ನು ಯೋಚಿಸಿ.

ಕೆಲಸ ಮುಗಿದು ಹತ್ತು ನಿಮಿಷ ನಡೆಸಿ, ಮೈಗೆ ತಣ್ಣೀರು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಹಾಕಿದರೆ ನರ ಹಿಡಿಯುತ್ತದೆ ಎಂಬ ಮಾತು ಹಳೆಯ ಹೆದರಿಕೆ, ಹಾಗೇನೂ ಆಗದು. ಒದ್ದೆ ಗೋಣಿ ಹೊದಿಸುವುದು ಮಾತ್ರ ಬೇಡ, ಕಾವು ಒಳಗೇ ನಿಲ್ಲುತ್ತದೆ. ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಇಳಿದು 15 ನಿಮಿಷಕ್ಕೆ ನಾಡಿ 60ರ ಕೆಳಗೆ ಬಂದಿರಬೇಕು. ಬರದಿದ್ದರೆ ಅವತ್ತಿನ ಕೆಲಸ ಹೆಚ್ಚಾಯಿತು ಎಂದೇ ಅರ್ಥ. ವಿಶ್ರಾಂತಿಯಲ್ಲಿ 28ರಿಂದ 44 ಇರುತ್ತದೆ. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯದವನಿಗೆ ಕುದುರೆ ಮುಂದೆ ಹೋಗುತ್ತಿದೆಯೋ ಹಿಂದೆಯೋ ಗೊತ್ತಾಗುವುದಿಲ್ಲ.

ಹಗಲು ನಿದ್ದೆಗೆ ಬಿಡಿ, ಸಂಜೆ ಐದಕ್ಕೆ ಕೈಯಲ್ಲಿ ಹಿಡಿದು 20 ನಿಮಿಷ ಅಡ್ಡಾಡಿಸಿ, ಖರಾರ ಹಾಕಿ, ಗೊರಸು ಕೆದಕಿ. ರಾತ್ರಿ ಒಂಬತ್ತಕ್ಕೆ ಕೊನೆಯ ಮೇವು.

ಬಿಸಿಲಿಗಿಂತ ಮೋಡ ಮೋಸಗಾರ

ಕುದುರೆಯವರ ಹಳೆಯ ಲೆಕ್ಕ ಒಂದಿದೆ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಗಾಳಿಯ ತೇವಾಂಶದ ಶೇಕಡಾ ಸೇರಿಸಿ. 130ರ ಒಳಗೆ ನಿಶ್ಚಿಂತೆ, 150 ದಾಟಿದರೆ ಎಚ್ಚರ, 180ಕ್ಕೆ ಕೆಲಸ ಬಂದ್. ನಮ್ಮಲ್ಲಿ ಮೇ ಮಧ್ಯಾಹ್ನ 42 ಡಿಗ್ರಿ ಸೆಲ್ಸಿಯಸ್ ಎಂದರೆ 108, ತೇವಾಂಶ 20, ಕೂಡಿದರೆ 128. ಲೆಕ್ಕದ ಪ್ರಕಾರ ಓಡಿಸಬಹುದು! ಗಾಳಿಯೇ ಮೈಗಿಂತ ಬಿಸಿಯಾದ ಹೊತ್ತಿಗೆ ಈ ಲೆಕ್ಕ ನಡೆಯದು, ಓಡಿಸಬೇಡಿ. ಅದೇ ಜುಲೈ ಬೆಳಿಗ್ಗೆ 28 ಡಿಗ್ರಿ, ಮೋಡ, ತಂಪು ಅನಿಸುತ್ತದೆ. ಕೂಡಿ ನೋಡಿ, 82 ಮತ್ತು 85 ಸೇರಿ 167. ಬೆವರು ಆರುವುದಿಲ್ಲ, ಕುದುರೆ ಒಳಗೊಳಗೇ ಕಾಯುತ್ತದೆ. ಇಂಥ ದಿನ ಕೆಲಸ ಅರ್ಧಕ್ಕಿಳಿಸಿ.

ಇನ್ನೊಂದು: ಓಡಿ ಬಂದರೂ ಮೈ ಒಣಗಿದ್ದು, ಮೂಗಿನ ಹೊಳ್ಳೆ ಅರಳಿಸಿ ಏದುತ್ತಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಬೆವರುವುದೇ ನಿಂತುಹೋಗಿದೆ. ನೆರಳು, ನೀರು, ಫ್ಯಾನ್, ಡಾಕ್ಟರ್. ಮೈಕಾವು 104 ದಾಟಿದ ಯಾವ ಕುದುರೆಗೂ ಇದೇ ಕ್ರಮ.

ಹನ್ನೆರಡು ವಾರ

ನೆಲ ಹುಡುಕುವುದೇ ಮೊದಲ ಕೆಲಸ. ಬೇಸಿಗೆಯ ಎರೆ ಹೊಲದಲ್ಲಿ ಬಿರುಕಿಗೆ ಕಾಲು ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಲಾಳ ಕಿತ್ತುಕೊಳ್ಳುತ್ತದೆ. ತೊಗರಿ ಕೊಯ್ದ ಹೊಲ ಎಲ್ಲಕ್ಕಿಂತ ಕೆಟ್ಟದ್ದು. ಟ್ರ್ಯಾಕ್ಟರ್ ಟೈರಿಗೇ ತೂತು ಮಾಡುವ ಕೂಳೆ ಅಂಗಾಲು ಬಿಡುತ್ತದೆಯೇ? 400 ಮೀಟರ್ ಉದ್ದದ ಮುರುಮ್ ಪಟ್ಟಿಯ ಮೇಲೆ ಎರಡು ಅಂಗುಲ ಮರಳು ಹರವಿ, ವಾರಕ್ಕೊಮ್ಮೆ ಕುಂಟೆ ಹೊಡೆದರೆ ಸಾಕು. ಡಾಂಬರಿನ ಮೇಲೆ ನಡಿಗೆ ಮಾತ್ರ.

1ರಿಂದ 3ನೇ ವಾರ ಬರೀ ನಡಿಗೆ. 30 ನಿಮಿಷದಿಂದ ಶುರುಮಾಡಿ 60ಕ್ಕೆ ಏರಿಸಿ, ಹತ್ತು ನಿಮಿಷಕ್ಕೆ ಒಂದು ಕಿ.ಮೀ. ಜನರಿಗೆ ಬೇಸರ ಬರುವ ವಾರಗಳಿವು, ಕಾಲು ಗಟ್ಟಿಯಾಗುವುದೂ ಇವೇ ವಾರಗಳಲ್ಲಿ.

4ರಿಂದ 6: ಟ್ರಾಟ್ (ನಡಿಗೆಗಿಂತ ಜೋರಾದ ಕುಲುಕು ಓಟ). 3 ನಿಮಿಷ ಟ್ರಾಟ್, 3 ನಿಮಿಷ ನಡಿಗೆ, ಹೀಗೆ ಮೂರು ಸುತ್ತು. ಆರನೇ ವಾರಕ್ಕೆ ಹತ್ತತ್ತು ನಿಮಿಷದ ಎರಡು ಸುತ್ತು. ಒಂದೇ ದಿಕ್ಕಿಗೆ ಓಡಿ ರೂಢಿಯಾದ ಕುದುರೆ, ದಿನ ಬಿಟ್ಟು ದಿನ ದಿಕ್ಕು ಬದಲಿಸಿ. ಲಗಾಮು ಎಳೆದಷ್ಟೂ ಇದು ಜೋರಾಗುತ್ತದೆ, ಟ್ರ್ಯಾಕಿನಲ್ಲಿ ಕಲಿಸಿದ್ದೇ ಹಾಗೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿ, ಕೇಳದಿದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ.

7ರಿಂದ 9: ನಿಧಾನದ ಕ್ಯಾಂಟರ್ (ಟ್ರಾಟಿಗಿಂತ ಜೋರಾದ ನೆಗೆತದ ಓಟ), 1,000 ಮೀಟರ್ ಎರಡೂವರೆಯಿಂದ ಮೂರು ನಿಮಿಷದಲ್ಲಿ, ವಾರಕ್ಕೆ ಮೂರು ದಿನ. ನಡುವಿನ ದಿನಗಳಲ್ಲಿ ನಡಿಗೆ, ಟ್ರಾಟ್. ಒಂಬತ್ತನೇ ವಾರಕ್ಕೆ 2,000 ಮೀಟರ್. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ.

10ರಿಂದ 12: ಐದು ದಿನಕ್ಕೊಮ್ಮೆ, 1,600 ಮೀಟರ್ ಕ್ಯಾಂಟರಿನ ಕೊನೆಯ 400 ಮೀಟರನ್ನು 30 ಸೆಕೆಂಡಿಗೆ ತನ್ನಿ. ರೇಸ್ ಲಾಯದವರು 600 ಮೀಟರಿಗೆ 45 ಸೆಕೆಂಡ್ ಎನ್ನುವುದು ಇದೇ ವೇಗ. ಮರುದಿನ ನಡಿಗೆ, ಕಾಲು ಎರಡು ಸಲ ಮುಟ್ಟಿ ನೋಡುವುದು. ಕಾಳು ಈಗ 4–5 ಕೆ.ಜಿ., ಮೂರು ಹೊತ್ತಿಗೆ ಹಂಚಿ. ಯಾವುದೇ ಕಾರಣಕ್ಕೆ ಒಂದು ವಾರ ತಪ್ಪಿದರೆ ಹಿಂದಿನ ವಾರಕ್ಕೆ, ಮೂರು ವಾರ ತಪ್ಪಿದರೆ ಹಿಂದಿನ ಹಂತಕ್ಕೆ ಹೋಗಿ.

ಲಾಳ 5 ವಾರಕ್ಕೊಮ್ಮೆ. ಎತ್ತಿಗೆ ಲಾಳ ಕಟ್ಟುವವರ ಕೈಗೆ ಕೊಡಬೇಡಿ. ಎತ್ತಿನ ಗೊರಸು ಸೀಳಿದ್ದು, ಲಾಳ ಎರಡು ತುಂಡು, ಮೊಳೆ ಹೊಡೆಯುವ ಕೋನವೇ ಬೇರೆ.

ಮಳೆ ಹಿಡಿದ ವಾರ

ಎರೆ ಮಣ್ಣು ತೋಯ್ದು ಮೂರ್ನಾಲ್ಕು ದಿನ ಹೊರಗೆ ಬಿಡಲು ಆಗದ ಹೊತ್ತು ಬಂದೇ ಬರುತ್ತದೆ. ಗೊರಸಿನ ಸಂದಿಯಲ್ಲಿ ಕಪ್ಪು ಕೊಳೆ, ಕೆಟ್ಟ ವಾಸನೆ ಇದ್ದರೆ ಕೆದಕಿ, ಒಣಗಿಸಿ, ಅಯೋಡಿನ್ ಹಚ್ಚಿ. ನೊಣ ಹೆಚ್ಚಿದ ಮೇಲೆ ಬಂದು ಹೋಗುವ ಜ್ವರ, ತಿಂದರೂ ಇಳಿಯುವ ಮೈ, ಹೊಟ್ಟೆ ಕೆಳಗೆ ಬಾವು ಕಂಡರೆ ಸರ್ರಾ (ನೊಣ ಕಚ್ಚಿ ಹರಡುವ ರಕ್ತದ ರೋಗ) ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ನಿಂತ ದಿನಗಳಲ್ಲಿ ಮೊದಲ ಸಂಜೆಯಿಂದಲೇ ಕಾಳು ಅರ್ಧ ಮಾಡಿ, ಮೇವು ಹೆಚ್ಚಿಸಿ. ಇದನ್ನು ಮರೆತು, ಮಳೆ ಬಿಟ್ಟ ಬೆಳಿಗ್ಗೆ ಏಕಾಏಕಿ ಓಡಿಸಿದರೆ ಹತ್ತಿಪ್ಪತ್ತು ನಿಮಿಷಕ್ಕೆ ಹಿಂಗಾಲು ಬಿಗಿದು, ಬೆವರಿಳಿದು, ಕುದುರೆ ಹೆಜ್ಜೆ ಇಡದೆ ನಿಲ್ಲುತ್ತದೆ. ಪೃಷ್ಠದ ಮಾಂಸ ಮುಟ್ಟಿದರೆ ಕಲ್ಲು, ಗಂಜಲ ಕಾಫಿ ಬಣ್ಣ. ನಡೆಸಿದರೆ ಸಡಿಲವಾಗುತ್ತದೆ ಎಂದು ಎಳೆಯಬೇಡಿ, ಮಾಂಸ ಇನ್ನೂ ಹರಿಯುತ್ತದೆ. ನಿಂತಲ್ಲೇ ಜೀನು ಇಳಿಸಿ, ನೀರು ಮುಂದಿಟ್ಟು, ಡಾಕ್ಟರನ್ನು ಅಲ್ಲಿಗೇ ಕರೆಸಿ.