ಮಕ್ಕಳ ಜೊತೆ ಚಾರಿಟಿ ವಾಕ್: ಇಂಗ್ಲೆಂಡಿಗೆ ಹೊರಟ ನಮ್ಮೂರ ಕಡೆಯವರಿಗೆ

ಇಂಗ್ಲೆಂಡಿನಿಂದ ರಜೆಗೆ ವಿಜಯಪುರಕ್ಕೆ ಬಂದಾಗಲೆಲ್ಲ ನಮ್ಮ ಪಡಸಾಲೆಯಲ್ಲಿ ಇಂಗ್ಲೆಂಡಿಗೆ ಹೊರಟವರು ಯಾರಾದರೂ ಕೂತಿರುತ್ತಾರೆ. ಹೆಚ್ಚಾಗಿ ವೀಸಾ, ಬಾಡಿಗೆ ಮನೆಯದೇ ಮಾತು. ಮೊನ್ನೆ ಬಾಗಲಕೋಟೆಯಿಂದ ಬಂದ ಹುಡುಗಿ ಮಾತ್ರ ಬೇರೆ ಕೇಳಿದಳು. ಗಂಡ ಆಗಲೇ ಅಲ್ಲಿದ್ದಾನೆ. ಅವನ ಆಫೀಸಿನವರು ಚಾರಿಟಿಗಾಗಿ, ಅಂದರೆ ಒಂದು ಸೇವಾ ಸಂಸ್ಥೆಗೆ ಹಣ ಎತ್ತಲು, 5 ಕಿಲೋಮೀಟರ್ ನಡೆಯುತ್ತಾರಂತೆ, ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂದಿದ್ದಾರಂತೆ. ಏನೇನು ನೋಡ್ಕೋಬೇಕು ಅಂತ ಅವಳ ಪ್ರಶ್ನೆ.

ಶೇಂಗಾ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು. "ನಡಿಯಾಕೂ ರೊಕ್ಕ ಕೊಡಬೇಕೇನ?"

ಕೊಡಬೇಕು. ನಮ್ಮಲ್ಲಿ ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯ ಊರವರು ಊಟ, ಮಜ್ಜಿಗೆ ಕೊಡುತ್ತಾರೆ. ಅಲ್ಲಿ ನಡೆಯುವವರೇ ಗೆಳೆಯರ ಹತ್ತಿರ ಹಣ ಎತ್ತಿ ಚಾರಿಟಿಗೆ ಕೊಡುತ್ತಾರೆ. ಹೆಸರು ಹಚ್ಚುವ ಫೀ ಬೇರೆ ಇರಬಹುದು, ಮಕ್ಕಳಿಗೆ ಎಷ್ಟು ಅಂತ ಮೊದಲೇ ನೋಡಿ. ಗುರುತಿಲ್ಲದ ಸಂಸ್ಥೆಯಾದರೆ ಅದರ ನೋಂದಣಿ ನಂಬರನ್ನು ಚಾರಿಟಿ ಕಮಿಷನ್ (ಅಲ್ಲಿ ಇಂಥ ಸಂಸ್ಥೆಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ) ಪಟ್ಟಿಯಲ್ಲಿ ಹುಡುಕಿ.

ಹಣ ಹಾಕುವಾಗ "ಗಿಫ್ಟ್ ಏಡ್" ಅಂತ ಒಂದು ಚೌಕ ಬರುತ್ತದೆ. ಟಿಕ್ ಹಾಕಿದರೆ ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರದಿಂದ ಚಾರಿಟಿಗೆ ಇನ್ನೂ 25 ಪೆನ್ಸ್ ಸೇರುತ್ತದೆ. ಆದರೆ ಇದು ಅಲ್ಲಿ ಅಷ್ಟು ತೆರಿಗೆ ಕಟ್ಟುವವರಿಗೆ ಮಾತ್ರ. ಬೆಳಗಾವಿಯಿಂದ ಕಾಕಾ ಪ್ರೀತಿಯಿಂದ ಹಣ ಕಳಿಸಿದರೆ ಅದಕ್ಕೆ ಟಿಕ್ ಬೇಡ.

ಇನ್ನು ನಡಿಗೆ. 5 ಕಿಲೋಮೀಟರ್ ಅಂದರೆ ಗೋಳಗುಮ್ಮಟದಿಂದ ಊರು ದಾಟಿ ಇಬ್ರಾಹಿಂ ರೋಜಾಕ್ಕೆ ಹೋಗಿ, ಮೇಲೆ ಇನ್ನಷ್ಟು ನಡೆದ ಹಾಗೆ. ನಮಗೆ ಏನೂ ಅಲ್ಲ. ನಾಲ್ಕು ವರ್ಷದ ಕಾಲಿಗೆ ಜಾಸ್ತಿನೇ. ನಾನು ಮೊದಲ ಸಲ ಇದನ್ನೇ ಮರೆತೆ. ಮೂರನೇ ಕಿಲೋಮೀಟರಿಗೆ ಮಗ ಹುಲ್ಲಿನ ಮೇಲೆ ಕೂತುಬಿಟ್ಟ. ಎತ್ತಿಕೊಂಡೆ. ಮುಂದೆ ಬೇಲಿ ದಾಟಲು ಮರದ ಮೆಟ್ಟಿಲು, ಸಣ್ಣವಳ ತಳ್ಳುಗಾಡಿ ಹೋಗಲ್ಲ. ಮನೆಯವರು ಅದನ್ನು ಹೆಗಲ ಮೇಲೆ ಹೊತ್ತರು, ಶ್ರೀಶೈಲಕ್ಕೆ ನಡೆಯುವವರು ಮಲ್ಲಯ್ಯನ ಕಂಬಿ ಹೊತ್ತ ಹಾಗೆ! ಅಷ್ಟರಲ್ಲಿ ಮಳೆ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ಕೇಳಿದರು, "ವಾಪಸ್ ಹೋಗಬಹುದಲ್ವಾ?"

ನಿಜವಾಗಿ ನನಗೆ ಅದು ಹೊಳೆದೇ ಇರಲಿಲ್ಲ. ಹೊರಟ ಮೇಲೆ ಮುಟ್ಟಲೇಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತಿದೆ, ಹರಕೆ ಹೊತ್ತವರ ಹಾಗೆ. ಇದು ಹರಕೆಯಲ್ಲ. ನೀವು ಎತ್ತಿದ ಹಣ ಹೆಚ್ಚಾಗಿ ಆಗಲೇ ಹೋಗಿ ಸೇರಿರುತ್ತದೆ. ಅರ್ಧಕ್ಕೆ ತಿರುಗಿದರೆ ಯಾರೂ ವಾಪಸ್ ಕೇಳಲ್ಲ. ದಾರಿಯಲ್ಲಿ ನಿಂತ ವಾಲಂಟಿಯರಿಗೆ ಹೇಳಿ ಹೋದರೆ ಸಾಕು, ಇಲ್ಲದಿದ್ದರೆ ಸಂಜೆ ತನಕ ನಿಮ್ಮನ್ನೇ ಹುಡುಕುತ್ತಾರೆ.

ಹಾಗಾಗಿ ಮಕ್ಕಳ ತಳ್ಳುಗಾಡಿ ಹೋಗುವ ದಾರಿಯಾ, ನಡುವೆ ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ಕೇಳಿ. ಸಣ್ಣ ಸುತ್ತು ಇದ್ದರೆ ಸಂಕೋಚವಿಲ್ಲದೆ ಅದನ್ನೇ ಆರಿಸಿ. ಮಳೆ ಕೋಟು, ಒಂದು ಜೊತೆ ಹೆಚ್ಚಿನ ಸಾಕ್ಸ್ ಇರಲಿ. ಮಗುವಿನ ಕೈ ಮೇಲೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಬೇರೆಯವರ ಮಕ್ಕಳ ಫೋಟೋ ಸುಮ್ನೆ ತೆಗೆಯಬೇಡಿ, ಅಲ್ಲಿ ಅದು ಸರಿಹೋಗಲ್ಲ.

ತಿಂಡಿ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಕಡೆ ಡಬ್ಬಿ ಬಿಚ್ಚಿದರೆ ಸುತ್ತಲಿನ ಮಕ್ಕಳಿಗೆಲ್ಲ ಹಂಚದೆ ಬಾಯಿಗೆ ಹಾಕಿಕೊಳ್ಳಲ್ಲ. ಅಲ್ಲಿ ಆ ಮಗುವಿನ ಅಪ್ಪ ಅಮ್ಮನನ್ನು ಕೇಳದೆ ಏನೂ ಕೊಡಬೇಡಿ. ಶೇಂಗಾ, ಗೋಡಂಬಿ ಒಂದು ಚೂರು ತಿಂದರೂ ಉಸಿರು ಕಟ್ಟುವಂಥ ಅಲರ್ಜಿ ಇರುವ ಮಕ್ಕಳಿದ್ದಾರೆ. ಅಮೀನಗಡದ ಕರದಂಟು, ಶೇಂಗಾ ಹೋಳಿಗೆ ಎರಡೂ ಮನೆಯಲ್ಲೇ ಇರಲಿ. ಬಾಳೆಹಣ್ಣು, ಒಣದ್ರಾಕ್ಷಿ ಒಯ್ಯಿರಿ.

ಹುಡುಗಿ ಹೊರಟಾಗ ಅವ್ವ ಶೇಂಗಾ ಉಂಡಿ ಕಟ್ಟಿಕೊಟ್ಟಳು. "ನಡಿಯಾಕ ಹೋದಾಗ ತಗೀಬ್ಯಾಡವಾ," ಅಂದಳು. "ಇಮಾನದಾಗ ಕೂತು ನೀನ ತಿಂದುಬಿಡು." ವಿಮಾನದಲ್ಲೂ ಪಕ್ಕದವರನ್ನು ಕೇಳಿ ತಿನ್ನು ಅಂತ ನಾನು ಸೇರಿಸಿದೆ. ಅವ್ವ ನನ್ನ ಕಡೆ ನೋಡಿದ ನೋಟ ಮಾತ್ರ ಇಲ್ಲಿ ಬರೆಯೋಕಾಗಲ್ಲ.