ಹತ್ತಿ ಗೋಡೌನ್‌ನಲ್ಲಿ ಡಿಬಿ ಬಾಕ್ಸ್ ಎಲ್ಲಿ ಕೂರಿಸಬೇಕು?

ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಹಾಸಿಗೆ ಮಾಡುವವರೊಬ್ಬರು ಕರೆದರು. ‘ಗೋಡೌನಿನ ಲೈಟು ಮಿಣುಕ್ತಾ ಇದೆ, ಬಂದು ನೋಡಿ.’ ಎಲ್ಲ ಕಡೆಗೂ ಕರೆಂಟು ಹಂಚುವ ಡಿಬಿ ಬಾಕ್ಸ್ ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಹತ್ತಿ ಮೂಟೆಗಳ ಹಿಂದೆ ಇತ್ತು! ಮೇನ್ ಆಫ್ ಮಾಡಿಸಿ ಮುಚ್ಚಳ ತೆಗೆದೆ. ಒಳಗೆಲ್ಲ ಹತ್ತಿ ಧೂಳು. ಸ್ಕ್ರೂ ಸಡಿಲವಾಗಿ ಒಂದು ನ್ಯೂಟ್ರಲ್ ವೈರಿನ ತುದಿ ಸುಟ್ಟು ಕಪ್ಪಾಗಿತ್ತು.

‘ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ ಬಿಡಿ’ ಅಂದರು. ಆಗಲ್ಲ. ಎಂಸಿಬಿ ಟ್ರಿಪ್ ಆಗುವುದು, ಅಂದರೆ ತಾನೇ ಆಫ್ ಆಗುವುದು, ಕರೆಂಟು ಜಾಸ್ತಿ ಹರಿದಾಗ. ಸ್ಕ್ರೂ ಸಡಿಲವಾದರೆ ಕರೆಂಟು ಜಾಸ್ತಿ ಹರಿಯುವುದಿಲ್ಲ, ಆ ಜಾಗ ಮಾತ್ರ ಬಿಸಿಯಾಗುತ್ತದೆ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹಾಕಿಸಿ, ಬೇಡ ಅನ್ನಲ್ಲ. ಆದರೆ ಅದು ಹಿಡಿಯುವುದು ಸೋರುವ ಕರೆಂಟನ್ನು, ಸಡಿಲ ಸ್ಕ್ರೂವನ್ನಲ್ಲ. ಅದಕ್ಕೇ ಬಾಕ್ಸ್ ಎಲ್ಲಿದೆ, ಸುತ್ತ ಏನಿದೆ ಅನ್ನುವುದನ್ನು ನಾನು ಮೊದಲು ನೋಡುವುದು.

ಸಾಧ್ಯವಿದ್ದರೆ ಬಾಕ್ಸನ್ನು ಗೋಡೌನಿನ ಹೊರಗೆ, ಮಳೆ ತಾಗದ ಗೋಡೆಗೆ ಹಾಕಿಸಿ. ಒಳಗೇ ಬೇಕೆಂದರೆ ಬಾಗಿಲ ಪಕ್ಕ. ಹೊಗೆ ತುಂಬಿದಾಗ ಒಳಗೆ ನುಗ್ಗದೆ ಆಫ್ ಮಾಡುವಂತಿರಬೇಕು, ಅಲ್ವಾ? ಮೆಟ್ಟಿಲ ಕೆಳಗೆ, ರ‍್ಯಾಕಿನ ಮೇಲೆ ಬೇಡ. ಪ್ಲೈವುಡ್ ಹಲಗೆ ಹೊಡೆದು ಅದರ ಮೇಲೆ ಕೂರಿಸುವುದೂ ಬೇಡ, ನೇರವಾಗಿ ಗೋಡೆಗೇ ಇರಲಿ. ಧೂಳು ಸುಲಭಕ್ಕೆ ನುಗ್ಗದ ತಗಡಿನ ಬಾಕ್ಸ್ ಕೇಳಿ, ಮೇಲೆ ಐಪಿ54 ಅಂತ ಇರುತ್ತದೆ. ವೈರು ಬರುವ ತೂತಿಗೆ ವೈರನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಹಾಕಿಸಿ, ಉಳಿದ ತೂತು ಮುಚ್ಚಿಸಿ.

ಬೋರ್ಡಿನ ಮುಂದೆ 1 ಮೀಟರ್ ಖಾಲಿ ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೇ ಇದೆ. ಬಾಯಲ್ಲಿ ಹೇಳಿದರೆ ಲೋಡು ಬಂದ ದಿನ ಮರೆತುಹೋಗುತ್ತದೆ. ನಾನು ನೆಲದ ಮೇಲೆ ಹಳದಿ ಪೇಂಟಿನ ಚೌಕ ಬರೆದೇ ಬರುತ್ತೇನೆ.

ಫೋಮ್ ಅಂಟಿಸುವ ಸಲ್ಯೂಷನ್, ಥಿನ್ನರ್ ಡಬ್ಬಗಳಿದ್ದರೆ ಈ 1 ಮೀಟರ್ ಸಾಲದು. ಅವುಗಳ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ದೂರ ಹೋಗುತ್ತದೆ. ಸ್ವಿಚ್ ಒತ್ತಿದಾಗ ಹಾರುವ ಒಂದು ಕಿಡಿ ಸಾಕು. ಅವಕ್ಕೆ ಬೇರೆ ಕೋಣೆಯೇ ಬೇಕು, ಗಾಳಿಯಾಡುವಂಥದ್ದು.

ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಲಿ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಮುಚ್ಚಳ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಆವತ್ತೇ ಕರೆಯಿರಿ.

ಆ ಗೋಡೌನಿನ ಬಾಕ್ಸು ಈಗ ಬಾಗಿಲ ಪಕ್ಕ ಬಂದಿದೆ. ಮೊನ್ನೆ ಹೋದಾಗ ಹಳದಿ ಚೌಕದಲ್ಲಿ ಒಂದು ಮೂಟೆಯೂ ಇರಲಿಲ್ಲ. ಅವರ ಬೈಕ್ ನಿಂತಿತ್ತು, ಪೆಟ್ರೋಲ್ ಟ್ಯಾಂಕ್ ಸಮೇತ.